ಗುರು-ಲಘು ಬಲ್ಲವರಿಗೆ ಫ್ರೆಂಚ್

ಕನ್ನಡಿಗರ ಬಾಯಲ್ಲಿ ಹೊಸೂರು, ತಮಿಳು ಫಲಕದಲ್ಲಿ ಓಸೂರ್. ಹಕಾರ ಬಿದ್ದುಹೋದರೂ ಊರು ಅದೇ. ಕನ್ನಡ, ತೆಲುಗು, ತಮಿಳು ಮೂರನ್ನೂ ಕೇಳುತ್ತ ಬೆಳೆಯುವ ಇಲ್ಲಿನ ಮಕ್ಕಳು ಹೈಯರ್ ಸೆಕೆಂಡರಿಯಲ್ಲಿ ಫ್ರೆಂಚ್ ಆರಿಸಿಕೊಂಡರೆ ಅಲ್ಲಿಯೂ ಇಂಥದೇ ಹಕಾರ ಎದುರಾಗುತ್ತದೆ: ಬರೆಯುವುದುಂಟು, ನುಡಿಯುವುದಿಲ್ಲ. ಹೋಟೆಲ್ ಅವರಿಗೆ ‘ಓತೆಲ್’. ಟಕಾರವೂ ಇಲ್ಲ, ಫ್ರೆಂಚರ ನಾಲಿಗೆ ನಮ್ಮ ತ, ದಗಳಂತೆ ಹಲ್ಲಿಗೆ ತಾಗುತ್ತದೆ.

ಇಂಗ್ಲಿಷ್ ಫಲಕದ ಹೊಸೂರನ್ನು ಫ್ರೆಂಚ್ ನಿಯಮದಂತೆ ಓದಿದರೆ ಸುಮಾರಾಗಿ ‘ಓ-ಝ್ಯುರ್’. ಎರಡು ಸ್ವರಗಳ ನಡುವಿನ ಎಸ್ ಅಲ್ಲಿ ಝಕಾರ. ಯು ಅಕ್ಷರಕ್ಕೆ ಕನ್ನಡದಲ್ಲಿ ಸಾಟಿಯಿಲ್ಲ: ತುಟಿಯನ್ನು ಉಕಾರಕ್ಕೆ ಚೂಪು ಮಾಡಿಟ್ಟು ‘ಈ’ ಎನ್ನಬೇಕು.

ಪದ ಬಿಡಿಸುವಾಗ ಲಿಪಿಯನ್ನು ನಂಬಿದವರು ಕೆಡುತ್ತಾರೆ. ಕೃಷ್ಣಗಿರಿಯನ್ನೇ ನೋಡಿ. ಬರವಣಿಗೆಯಲ್ಲಿ ‘ಕೃ’ ಆದಮೇಲೆ ‘ಷ್ಣ’. ಕಿವಿಗೆ ಕೇಳುವುದು ಕೃಷ್-ಣ-ಗಿ-ರಿ. ಷಕಾರ ಹಿಂದಿನ ಅಕ್ಷರಕ್ಕೆ ಅಂಟಿ ಅದನ್ನು ಭಾರವಾಗಿಸುವುದರಿಂದಲೇ ಒತ್ತಕ್ಷರದ ಹಿಂದಿನದು ಗುರು. ತಮಿಳಿನಲ್ಲಿ ಮೊದಲ ಜೋಡಿವ್ಯಂಜನವೂ ಒಡೆದು ಕಿ-ರುಷ್-ಣ-ಗಿ-ರಿ, ಐದು ತುಂಡು. ಹೀಗೆ ಒಂದು ಸ್ವರದ ಸುತ್ತ ಕೂಡುವ ಧ್ವನಿಗಳ ತುಂಡೇ ಸಿಲಬಲ್.

ಫ್ರೆಂಚಿನಲ್ಲಿ ಸ್ವರಗಳ ನಡುವಿನ ಒಂಟಿ ವ್ಯಂಜನ ಮುಂದಿನ ಸ್ವರಕ್ಕೆ ಸೇರುತ್ತದೆ: ಪ-ರಿ (ಅದೇ ಪ್ಯಾರಿಸ್, ಕೊನೆಯ ಎಸ್ ಮೌನ). ಎರಡಿದ್ದರೆ ಸಾಮಾನ್ಯವಾಗಿ ಒಂದೊಂದು ಪಾಲು: ಮೆರ್-ಸಿ. ಆದರೆ ಪ, ಕ, ಫದಂಥ ವ್ಯಂಜನದ ಬೆನ್ನಿಗೆ ರ ಅಥವಾ ಲ ಬಂದರೆ ಜೋಡಿ ಒಡೆಯದು. ಕೃಷ್ಣಗಿರಿಯಿಂದ ತಿರುವಣ್ಣಾಮಲೈ, ತಿಂಡಿವನಂ ದಾಟಿ ಪುದುಚೇರಿಗೆ ಹೋದವರಿಗೆ ಇದಕ್ಕೆ ಉದಾಹರಣೆ ಬೀದಿ ಫಲಕದಲ್ಲೇ ಸಿಗುತ್ತದೆ: ರ್ಯು ಸ್ಯುಫ್ರೆನ್. 1782ರಲ್ಲಿ ಕಡಲೂರಿನ ಬಳಿ ಹೈದರಾಲಿಯನ್ನು ಕಂಡ ನೌಕಾಸೇನಾನಿಯ ಹೆಸರಿದು. ಬರೆಯುವಾಗ ಎರಡು ಎಫ್, ನುಡಿಯುವಾಗ ಒಂದೇ: ಸ್ಯು-ಫ್ರೆನ್. ಕತೆಗೂ ಕತ್ತೆಗೂ ವ್ಯತ್ಯಾಸ ಬಲ್ಲ ಕನ್ನಡಿಗರು ಇಲ್ಲಿ ಸುಮ್ಮನೆ ಒತ್ತು ಕೊಟ್ಟುಬಿಡುತ್ತಾರೆ.

ಪದಗಳು ಕೂಡಿದಾಗ ಮಾತ್ರ ನಮ್ಮ ವ್ಯಾಕರಣದ ಪಾಠ ನೇರವಾಗಿ ಕೈಹಿಡಿಯುತ್ತದೆ. ‘ಮನೆ’ಗೆ ‘ಅನ್ನು’ ಸೇರುವಾಗ ಯಕಾರ ಆಗಮವಾಗುವಂತೆ, ‘ಇಲ್ ಆ’ (ಅವನ ಬಳಿ ಇದೆ) ಎಂಬುದು ಪ್ರಶ್ನೆಯಾಗಿ ತಿರುಗುವಾಗ ನಡುವೆ ತಕಾರ ಬರುತ್ತದೆ: ‘ಆ-ತಿಲ್’. ಬಹುವಚನದ ‘ಲೇ’ಯ ಕೊನೆಯಲ್ಲಿ ಮೌನವಾಗಿರುವ ಎಸ್ ಕೂಡ ಸ್ವರ ಕಂಡೊಡನೆ ಝಕಾರವಾಗಿ ಎದ್ದು ಮುಂದಿನ ಪದಕ್ಕೆ ಸೇರುತ್ತದೆ. ಹೋಟೆಲುಗಳು ಎನ್ನಲು ‘ಲೇ-ಝೋ-ತೆಲ್’.

ಎಲ್ಲ ಹಕಾರಗಳೂ ಇಷ್ಟು ಸಾಧುವಲ್ಲ. ಕೆಲವು ಪದಗಳಲ್ಲಿ ಅದು ಕೇಳಿಸದಿದ್ದರೂ ಸಂಧಿಗೆ ಅಡ್ಡ ನಿಲ್ಲುತ್ತದೆ. ‘ಲೇ ಏರೋ’ ಎಂದು ಬಿಡಿಸಿ ನುಡಿದರೆ ವೀರರು. ಕೂಡಿಸಿ ‘ಲೇ-ಝೇ-ರೋ’ ಎಂದರೆ ಸೊನ್ನೆಗಳು. ಇಂಥ ಪದಗಳ ಮುಂದೆ ಹಲವು ನಿಘಂಟುಗಳು ನಕ್ಷತ್ರ ಚಿಹ್ನೆ ಇಟ್ಟಿರುತ್ತವೆ. ಹೊಸದಾಗಿ ಕಲಿಯುವವರು ಅದನ್ನು ನೋಡಿಕೊಂಡೇ ಬಾಯಿ ತೆರೆಯುವುದು ಒಳ್ಳೆಯದು.