ಕಸದ ರಾಶಿಯಿಂದ ನುಣ್ಣನೆಯ ಮಣ್ಣು

ಕೋಲ್ಕತ್ತಾದ ಪೂರ್ವದ ಅಂಚಿನಲ್ಲಿರುವ ಧಾಪಾದಲ್ಲಿ 19ನೆಯ ಶತಮಾನದಿಂದಲೂ ನಗರದ ಕಸವನ್ನು ಸುರಿಯುತ್ತ ಬರಲಾಗಿದೆ. ಈ ಹಳೆಯ ರಾಶಿಯನ್ನು ಅಗೆದು ವಿಂಗಡಿಸುವ ಕಾರ್ಯವನ್ನು ನಗರಪಾಲಿಕೆ ಕೈಗೊಂಡಿದೆ. ಅಗೆದ ಕಸವನ್ನು ಒಣಗಿಸಿ, ತಿರುಗುವ ಜರಡಿಗಳಲ್ಲಿ ಹಾಯಿಸಲಾಗುತ್ತದೆ. ಮೇಲೆ ನಿಲ್ಲುವ ಪ್ಲಾಸ್ಟಿಕ್ ಮತ್ತು ಬಟ್ಟೆಯ ಚೂರುಗಳು ಸಿಮೆಂಟ್ ಕಾರ್ಖಾನೆಗಳಿಗೆ ಇಂಧನವಾಗಬಲ್ಲವು; ಕಲ್ಲು, ಇಟ್ಟಿಗೆಗಳನ್ನು ತಗ್ಗು ತುಂಬಲು ಬಳಸಬಹುದು.

ಕೊನೆಯಲ್ಲಿ ಕೆಳಗುದುರುವುದು ನುಣ್ಣನೆಯ ಮಣ್ಣು. ಹಳೆಯ ರಾಶಿಗಳಲ್ಲಿ ಸಾಮಾನ್ಯವಾಗಿ ಇದರ ಪಾಲೇ ದೊಡ್ಡದು. ನೋಟಕ್ಕೆ ಇದು ಗೊಬ್ಬರದಂತೆಯೇ ಕಾಣುತ್ತದೆ. ಆದರೆ ಜರಡಿಯು ಗಾತ್ರವನ್ನು ನೋಡಿಯಷ್ಟೇ ಬೇರ್ಪಡಿಸುವುದರಿಂದ ಗಾಜಿನ ಪುಡಿ, ಸೀಸ, ಕ್ಯಾಡ್ಮಿಯಂಗಳು ಅದರಲ್ಲಿಯೇ ಉಳಿದಿರಬಹುದು. ಕಸದ ಮಣ್ಣಿನಲ್ಲಿ ಹೂಕೋಸು, ಸೊಪ್ಪು ಬೆಳೆದು ನಗರಕ್ಕೆ ಒದಗಿಸುತ್ತ ಬಂದ ಧಾಪಾದಂತಹ ಸ್ಥಳದಲ್ಲಿ ಇದು ಸಣ್ಣ ಮಾತಲ್ಲ. ಭಾರಲೋಹಗಳ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ನಂತರವೇ ಈ ಮಣ್ಣನ್ನು ಹೊಲಕ್ಕೆ ಹಾಕತಕ್ಕದ್ದು. ಮಿತಿ ಮೀರಿದ್ದನ್ನು ಬೇಸಾಯದಿಂದ ದೂರವಿರಿಸಬೇಕು.