ಮಗುವಿಗೆ ಜೇನುನೊಣದ ಪಾಠ

ಮಂತ್ರಾಲಯ, ಆದೋನಿ ಸುತ್ತಿನ ರೈತರಾದ ನಾವು ಹತ್ತಿ, ತೊಗರಿ, ಶೇಂಗಾದ ಲೆಕ್ಕ ಇಡುತ್ತೇವೆ. ನಮ್ಮ ಬೆಳೆಗೆ ಕೂಲಿ ಇಲ್ಲದೆ ದುಡಿಯುವ ಜೇನುನೊಣ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಮಕ್ಕಳಿಗಂತೂ 'ಕಚ್ಚುತ್ತದೆ, ದೂರ ಇರು' ಎಂಬುದೊಂದೇ ಪಾಠ. ಅದಕ್ಕಿಂತ ಒಳ್ಳೆಯ ಪಾಠ ನಮ್ಮ ಹಿತ್ತಲಲ್ಲೇ ಇದೆ.

ಕುಂಬಳದ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಕಾಣುತ್ತದೆ. ಮರುದಿನ ಅರಳುವ ಎರಡು ಹೆಣ್ಣು ಮೊಗ್ಗುಗಳನ್ನು ಮಗುವಿಗೆ ತೋರಿಸಿ. ಸಂಜೆಯೇ ಒಂದಕ್ಕೆ ತೆಳು ಬಟ್ಟೆ ಕಟ್ಟಿಸಿ, ಇನ್ನೊಂದನ್ನು ಹಾಗೇ ಬಿಡಿ. ಬೆಳಿಗ್ಗೆ ದೂರದಲ್ಲಿ ಕೂತು, ತೆರೆದ ಹೂವಿಗೆ ಬರುವ ನೊಣಗಳನ್ನು ಮಗು ಎಣಿಸಲಿ. ಹೂ ಬಾಡಿದ ಮೇಲೆ ಬಟ್ಟೆ ಬಿಚ್ಚಿ. ಕೆಲವೇ ದಿನಗಳಲ್ಲಿ ಮುಚ್ಚಿದ್ದ ಹೂವಿನ ಕಾಯಿ ಹಳದಿಯಾಗಿ ಉದುರುತ್ತದೆ. ನೊಣ ಪರಾಗ ತಂದಿತ್ತ ಕಾಯಿ ದಪ್ಪವಾಗುತ್ತದೆ. ಪರಾಗಸ್ಪರ್ಶ ಎಂದರೇನು ಎಂದು ಬಾಯಿಪಾಠ ಮಾಡಿಸಬೇಕಿಲ್ಲ.

ಆಮೇಲೆ ಗೂಡಿನ ಕಥೆ ಹೇಳಿ. ಒಂದು ಕುಟುಂಬಕ್ಕೆ ಒಬ್ಬಳೇ ರಾಣಿ. ದುಡಿಯುವವೆಲ್ಲ ಹೆಣ್ಣು ನೊಣಗಳು. ಗಂಡು ನೊಣಕ್ಕೆ ಕೊಂಡಿಯೇ ಇಲ್ಲ. ಹೆಜ್ಜೇನು, ಕೋಲುಜೇನು ಬಯಲಲ್ಲಿ ಒಂದೇ ಎರಿ ಕಟ್ಟುತ್ತವೆ. ಅವನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ತುಡುವೆಯು ಪೊಟರೆಯ ಕತ್ತಲಲ್ಲಿ ಸಾಲುಸಾಲಾಗಿ ಎರಿ ಕಟ್ಟುವುದರಿಂದ ಪೆಟ್ಟಿಗೆಗೆ ಒಗ್ಗುತ್ತದೆ. ಈ ತುಡುವೆಗಾಗಿ ಚಿಕ್ಕ ಪೆಟ್ಟಿಗೆ ರೂಪಿಸಿ, 1911ರಿಂದ 1917ರ ಅವಧಿಯಲ್ಲಿ ದಕ್ಷಿಣ ಭಾರತದ ಹಳ್ಳಿಗರಿಗೆ ಜೇನು ಸಾಕಣೆ ಕಲಿಸಿದವರು ಗುರುಗಳಾದ ಫಾದರ್ ನ್ಯೂಟನ್. ಇಂದಿಗೂ ಅದು 'ನ್ಯೂಟನ್ ಪೆಟ್ಟಿಗೆ' ಎಂದೇ ಹೆಸರುವಾಸಿ.

ಎಚ್ಚರಿಕೆಯ ಮಾತುಗಳು: ಹೆಜ್ಜೇನಿನ ಹತ್ತಿರ ಮಕ್ಕಳನ್ನು ಬಿಡಬೇಡಿ, ಕಲ್ಲು, ಹೊಗೆ ಬೇಡವೇ ಬೇಡ. ನೊಣ ಚುಚ್ಚಿದರೆ ಕೊಂಡಿಯನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆದು, ತಣ್ಣೀರ ಬಟ್ಟೆ ಇಡಿ. ಉಸಿರು ಕಟ್ಟಿದರೆ, ಮುಖ ಊದಿಕೊಂಡರೆ, ತಲೆ ಸುತ್ತಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಲೇಬಾರದು.

ನಮ್ಮ ಮನೆಯ ಹುಡುಗ ಕುಂಬಳದ ಪಾಠ ಮುಗಿದ ವಾರವೇ ಹೊಲಕ್ಕೆ ಬಂದ. ಹೂಬಿಟ್ಟ ಹತ್ತಿಗೆ ಬೆಳಿಗ್ಗೆಯೇ ಎಣ್ಣೆ ಹೊಡೆಯಲು ನಾವು ಪಂಪು ತುಂಬಿಸುತ್ತಿದ್ದೆವು. ಹೂವಿನೊಳಗೆ ನೊಣ ಕಂಡು ಕೇಳಿದ: "ಅಪ್ಪಾ, ಇವು ಮನಿಗೆ ಹೋದ ಮ್ಯಾಲೆ ಹೊಡೆದ್ರ ಆಗಂಗಿಲ್ಲೇನು?"

ನಮ್ಮಲ್ಲಿ ಉತ್ತರವಿರಲಿಲ್ಲ. ಪಂಪು ಕೆಳಗಿಳಿಸಿದೆವು. ಅಂದಿನಿಂದ ಹೂವಿನ ಕಾಲದಲ್ಲಿ, ಹುಳದ ಕಾಟ ನಿಜಕ್ಕೂ ಹೆಚ್ಚಿದ್ದರೆ ಮಾತ್ರ, ಅದೂ ಹೊತ್ತು ಮುಳುಗುವಾಗ, ನೊಣಗಳು ಗೂಡು ಸೇರಿದ ಮೇಲೆ ಹೊಡೆಯುತ್ತೇವೆ. ಪಾಠ ಮಗುವಿಗೆ ಎಂದುಕೊಂಡಿದ್ದೆವು, ಕಲಿತವರು ನಾವು.