ಪ್ರಸಾರದಿಂದ ಅಂತರ್ಜಾಲಕ್ಕೆ: ಬಿ. ಬಿ. ಸಿ. ಥ್ರೀ ವಾಹಿನಿಯ ಆರು ವರ್ಷಗಳು

ಸಮೂಹಮಾಧ್ಯಮಗಳ ಚರಿತ್ರೆಯನ್ನು ಬರೆಯುವವರು ಆರಂಭದ ದಿನಗಳಿಗೆ ಕೊಡುವಷ್ಟು ಗಮನವನ್ನು ಮುಕ್ತಾಯದ ದಿನಗಳಿಗೆ ಕೊಡುವುದಿಲ್ಲ. ಮೊದಲ ಆಕಾಶವಾಣಿ ಕೇಂದ್ರ ಯಾವುದು, ಮೊದಲ ದೂರದರ್ಶನ ಪ್ರಸಾರ ಎಂದು ನಡೆಯಿತು ಎಂಬುದಕ್ಕೆ ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಉತ್ತರವುಂಟು. ಒಂದು ವಾಹಿನಿ ಏತಕ್ಕೆ ನಿಂತಿತು, ನಿಂತಮೇಲೆ ಅದರ ವೀಕ್ಷಕರು ಏನಾದರು ಎಂದು ಕೇಳಿದರೆ ಮಾತ್ರ ಉತ್ತರ ಸುಲಭವಾಗಿ ದೊರೆಯದು. ಇಂತಹ ಒಂದು ಮುಕ್ತಾಯವನ್ನು, ಅದೂ ಪೂರ್ಣ ಮುಕ್ತಾಯವಲ್ಲದ ಮುಕ್ತಾಯವನ್ನು, ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇಂಗ್ಲೆಂಡಿನ ಬಿ. ಬಿ. ಸಿ. ಸಂಸ್ಥೆ ತರುಣರಿಗಾಗಿ ನಡೆಸುತ್ತಿದ್ದ ಬಿ. ಬಿ. ಸಿ. ಥ್ರೀ ಎಂಬ ವಾಹಿನಿಯು 2016ರ ಫೆಬ್ರುವರಿಯಲ್ಲಿ ಪ್ರಸಾರವನ್ನು ನಿಲ್ಲಿಸಿ ಅಂತರ್ಜಾಲಕ್ಕೆ ಸೀಮಿತವಾಯಿತು. ಆರು ವರ್ಷಗಳ ಬಳಿಕ, 2022ರ ಫೆಬ್ರುವರಿ 1ರಂದು, ಮತ್ತೆ ಪ್ರಸಾರಕ್ಕೆ ಹಿಂದಿರುಗಿತು. ಹೋದದ್ದೇಕೆ, ಮರಳಿದ್ದೇಕೆ ಎಂಬ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರವಿರಲಾರದು. ಅವೆರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ‘ತರುಣರು’ ಎಂಬ ಒಂದು ಪದದಲ್ಲಿ ಎಷ್ಟು ಬೇರೆಬೇರೆ ಜನರನ್ನು ಸೇರಿಸಿಬಿಟ್ಟಿದ್ದರೆಂಬುದು ವ್ಯಕ್ತವಾಗುತ್ತದೆ.

ಮೊದಲು ವಾಹಿನಿಯ ಪರಿಚಯವನ್ನು ಮಾಡಿಕೊಳ್ಳೋಣ. 1998ರಲ್ಲಿ ಆರಂಭವಾಗಿದ್ದ ಬಿ. ಬಿ. ಸಿ. ಚಾಯ್ಸ್ ಎಂಬ ಅಂಕೀಯ ವಾಹಿನಿಯ ಸ್ಥಾನದಲ್ಲಿ 2003ರ ಫೆಬ್ರುವರಿ 9ರಂದು ಬಿ. ಬಿ. ಸಿ. ಥ್ರೀ ಬಂದಿತು. 16ರಿಂದ 34 ವರ್ಷ ವಯಸ್ಸಿನವರು ಇದರ ಉದ್ದಿಷ್ಟ ವೀಕ್ಷಕರು. ಇದು ಸಂಜೆ 7 ಗಂಟೆಯಿಂದ ಮರುದಿನದ ನಸುಕಿನವರೆಗೆ ನಡೆಯುತ್ತಿತ್ತು. ಹಗಲಿನಲ್ಲಿ ಅದೇ ತರಂಗಾವಕಾಶವನ್ನು ಮಕ್ಕಳ ವಾಹಿನಿಯಾದ ಸಿ. ಬಿ. ಬಿ. ಸಿ. ಬಳಸಿಕೊಳ್ಳುತ್ತಿತ್ತು. ಒಂದೇ ಕೊಠಡಿಯಲ್ಲಿ ಬೆಳಗ್ಗೆ ಒಂದು ತರಗತಿ, ಸಂಜೆ ಇನ್ನೊಂದು ತರಗತಿ ನಡೆಸುವ ನಮ್ಮ ಕಾಲೇಜುಗಳವರಿಗೆ ಈ ಏರ್ಪಾಟನ್ನು ವಿವರಿಸಬೇಕಾದುದಿಲ್ಲ.

ಹೊಸಬರಿಗೆ ಅವಕಾಶ ಕೊಡುವುದೂ ಸೋಲಿಗೆ ಅಂಜದಿರುವುದೂ ಈ ವಾಹಿನಿಯ ಲಕ್ಷಣಗಳೆಂದು ಎಣಿಸಲ್ಪಟ್ಟಿದ್ದುವು. ‘ಲಿಟ್ಲ್ ಬ್ರಿಟನ್’, ‘ಗ್ಯಾವಿನ್ ಅಂಡ್ ಸ್ಟೇಸಿ’ ಮೊದಲಾದ ವಿನೋದಮಾಲಿಕೆಗಳು ಇಲ್ಲಿ ದೃಶ್ಯರೂಪವನ್ನು ಪಡೆದು ಅನಂತರ ದೊಡ್ಡ ವಾಹಿನಿಗಳಿಗೆ ಏರಿದುವು. ವಿನೋದವೊಂದೇ ಅಲ್ಲ, ಅಫ್ಘಾನಿಸ್ತಾನದಲ್ಲಿ ಕಾದಾಡುತ್ತಿದ್ದ ಸೈನಿಕರು ತಮ್ಮ ಶಿರಸ್ತ್ರಾಣಗಳಿಗೆ ಸಿಕ್ಕಿಸಿಕೊಂಡಿದ್ದ ಕ್ಯಾಮೆರಾಗಳಿಂದ ತೆಗೆದ ಚಿತ್ರಗಳನ್ನು ಆಧರಿಸಿದ ‘ಅವರ್ ವಾರ್’ ಎಂಬ ಸಾಕ್ಷ್ಯಚಿತ್ರವೂ 2011ರಲ್ಲಿ ಇಲ್ಲಿಯೇ ಪ್ರಸಾರವಾಯಿತು. 2008ರಲ್ಲಿ ಬಂದ ‘ಬ್ಲಡ್, ಸ್ವೆಟ್ ಅಂಡ್ ಟೀ-ಷರ್ಟ್ಸ್’ ಎಂಬ ಮಾಲಿಕೆಯಲ್ಲಿ, ಅಗ್ಗದ ಉಡುಪುಗಳನ್ನು ಕೊಳ್ಳುವ ಆರು ಮಂದಿ ಬ್ರಿಟಿಷ್ ತರುಣತರುಣಿಯರನ್ನು ಭಾರತಕ್ಕೆ ಕರೆತಂದು, ಆ ಉಡುಪುಗಳನ್ನು ಹೊಲಿಯುವವರ ನಡುವೆಯೇ ದುಡಿಯುವಂತೆ ಮಾಡಿದರು. ಅವರಲ್ಲೊಬ್ಬರಾದ ಸ್ಟೇಸಿ ಡೂಲಿ ಮುಂದೆ ಸಾಕ್ಷ್ಯಚಿತ್ರಗಳ ನಿರೂಪಕಿಯಾಗಿಯೇ ಪ್ರಸಿದ್ಧರಾದರು. ಸಂಜೆ ಹಾಸ್ಯವನ್ನು ನೋಡಲು ಕುಳಿತವನು ಅದು ಮುಗಿದಮೇಲೆ ಏಳಲು ಬೇಸರಪಟ್ಟು ಮುಂದಿನ ಸಾಕ್ಷ್ಯಚಿತ್ರವನ್ನೂ ನೋಡಿಬಿಡುವ ಸಂಭವ ಇಂತಹ ವಾಹಿನಿಯಲ್ಲಿ ಸದಾ ಇತ್ತು. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದಿನ ವಾದಕ್ಕೆ ಇದು ಅವಶ್ಯಕ.

ಇನ್ನು ನಿಲುಗಡೆಯ ಕಾರಣಗಳು. ಬಿ. ಬಿ. ಸಿ.ಯ ಮುಖ್ಯ ವರಮಾನ ಪ್ರತಿ ಮನೆಯವರೂ ಸಲ್ಲಿಸುವ ಲೈಸೆನ್ಸ್ ಶುಲ್ಕ. 2010ರಲ್ಲಿ ಸರಕಾರದೊಡನೆ ಆದ ಒಪ್ಪಂದದ ಮೇರೆಗೆ ಈ ಶುಲ್ಕವು ವರ್ಷಕ್ಕೆ 145.50 ಪೌಂಡಿಗೆ ನಿಂತುಬಿಟ್ಟಿತು, 2017ರವರೆಗೆ ಏರುವಂತಿರಲಿಲ್ಲ. ಅದೇ ಒಪ್ಪಂದದಲ್ಲಿ, ಅದುವರೆಗೆ ಸರಕಾರ ಭರಿಸುತ್ತಿದ್ದ ವಿದೇಶ ಪ್ರಸಾರದ ವೆಚ್ಚವೂ, ವೇಲ್ಸ್ ಭಾಷೆಯ ವಾಹಿನಿಯ ವೆಚ್ಚದ ಬಹುಭಾಗವೂ ಸಂಸ್ಥೆಯ ತಲೆಗೆ ಬಂದುವು. ಬೆಲೆಗಳು ಏರುತ್ತಿರುವಾಗ ವರಮಾನ ನಿಂತರೆ ಅದು ವಾಸ್ತವದಲ್ಲಿ ಇಳಿದಂತೆಯೇ. ಎಲ್ಲ ವಿಭಾಗಗಳಿಂದಲೂ ಸ್ವಲ್ಪಸ್ವಲ್ಪ ಕಡಿತ ಮಾಡುವ ಹಾದಿ ಮುಗಿದಾಗ ಒಂದು ಇಡಿಯ ಅಂಗವನ್ನೇ ತೆಗೆಯುವ ಪ್ರಸ್ತಾಪ ಹೊರಟಿತು. 2014ರ ಮಾರ್ಚಿಯಲ್ಲಿ ಮಹಾನಿರ್ದೇಶಕರಾಗಿದ್ದ ಟೋನಿ ಹಾಲ್ ಅವರು ಬಿ. ಬಿ. ಸಿ. ಥ್ರೀಯ ಪ್ರಸಾರವನ್ನು ನಿಲ್ಲಿಸಿ ಅದನ್ನು ಅಂತರ್ಜಾಲಕ್ಕೆ ಒಯ್ಯುವುದಾಗಿ ಸಾರಿದರು. ಇದರಿಂದ ವರ್ಷಕ್ಕೆ 5 ಕೋಟಿ ಪೌಂಡಿಗೂ ಹೆಚ್ಚು ಉಳಿಯುವುದೆಂದೂ, ಅದರಲ್ಲಿ 3 ಕೋಟಿಯನ್ನು ಬಿ. ಬಿ. ಸಿ. ಒನ್ ವಾಹಿನಿಯ ನಾಟಕಗಳಿಗೆ ವಿನಿಯೋಗಿಸುವುದೆಂದೂ ತಿಳಿಸಲಾಯಿತು.

ಈ ಘೋಷಣೆಯಲ್ಲಿ ಎರಡು ಬೇರೆ ಮಾತುಗಳು ಒಂದಾಗಿ ಹೆಣೆದುಕೊಂಡಿದ್ದುವು. ಒಂದು, ಹಣವಿಲ್ಲವೆಂಬುದು. ಇನ್ನೊಂದು, ತರುಣರು ಹೇಗೂ ದೂರದರ್ಶನ ಪೆಟ್ಟಿಗೆಯನ್ನು ಬಿಟ್ಟು ಫೋನು ಗಣಕಯಂತ್ರಗಳ ಕಡೆಗೆ ಹೊರಟಿದ್ದಾರೆ, ನಾವು ಅವರನ್ನು ಅನುಸರಿಸುತ್ತಿದ್ದೇವೆಂಬುದು. ಮೊದಲನೆಯದು ನಿರ್ವಿವಾದ. ಎರಡನೆಯದು ಅರ್ಧ ಸತ್ಯ. ತರುಣರ ದೂರದರ್ಶನವೀಕ್ಷಣೆ ಇಳಿಯುತ್ತಿದ್ದುದು ನಿಜ. ಆದರೆ 2014ರಲ್ಲಿ ಅವರಲ್ಲಿ ಹೆಚ್ಚಿನವರು ಇನ್ನೂ ಪೆಟ್ಟಿಗೆಯ ಮುಂದೆಯೇ ಇದ್ದರು. ಹಣದ ಒತ್ತಡವಿಲ್ಲದಿದ್ದರೆ ಅನುಸರಿಸುವ ತವಕ ಇಷ್ಟು ಬೇಗನೆ ಹುಟ್ಟುತ್ತಿತ್ತೆ ಎಂದು ಸಂದೇಹಪಡುವುದು ಚರಿತ್ರೆಯ ವಿದ್ಯಾರ್ಥಿಗೆ ಸಹಜ. ರಾಜರು ತೆರಿಗೆಗಾಗಿ ಮಾಡಿದ ದಂಡಯಾತ್ರೆಗಳಿಗೆ ಪ್ರಶಸ್ತಿಕಾರರು ಧರ್ಮರಕ್ಷಣೆಯ ಕಾರಣವನ್ನು ಬರೆದುದನ್ನು ನಾವು ಓದಿಲ್ಲವೆ? ಇಲ್ಲಿಯಾದರೆ, ಟೋನಿ ಹಾಲ್ ಅವರ ಪಕ್ಷವಾಗಿ ಒಂದು ಮಾತನ್ನು ಹೇಳಲೇಬೇಕು: ಹಣವೇ ಮುಖ್ಯ ಕಾರಣವೆಂಬುದನ್ನು ಅವರು ಮುಚ್ಚಿಡಲಿಲ್ಲ.

ಪ್ರತಿಭಟನೆ ಬಲವಾಗಿಯೇ ನಡೆಯಿತು. ವಾಹಿನಿಯನ್ನು ಉಳಿಸಬೇಕೆಂಬ ಮನವಿಗೆ 2.5 ಲಕ್ಷಕ್ಕೂ ಹೆಚ್ಚು ಮಂದಿ ಸಹಿಮಾಡಿದರು. 2015ರ ಆರಂಭದಲ್ಲಿ ಜಾನ್ ಥೋಡೆ, ಜಿಮ್ಮಿ ಮಲ್ವಿಲ್ ಎಂಬ ಇಬ್ಬರು ನಿರ್ಮಾಪಕರು ವಾಹಿನಿಯನ್ನು ತಾವೇ ಕೊಳ್ಳುವುದಾಗಿ ಮುಂದೆ ಬಂದರು. ಇದು ಮಾರಾಟಕ್ಕಿಲ್ಲವೆಂಬ ಉತ್ತರ ದೊರೆಯಿತು. ಆ ಕಾಲದಲ್ಲಿ ಸಂಸ್ಥೆಯ ಮೇಲಧಿಕಾರವನ್ನು ಹೊಂದಿದ್ದ ಬಿ. ಬಿ. ಸಿ. ಟ್ರಸ್ಟ್ 2015ರ ನವೆಂಬರಿನಲ್ಲಿ ಅಂತಿಮ ಸಮ್ಮತಿಯನ್ನಿತ್ತಿತು. ಬಿ. ಬಿ. ಸಿ. ಒನ್‌ನ ಕಾರ್ಯಕ್ರಮಗಳನ್ನು ಒಂದು ಗಂಟೆ ತಡವಾಗಿ ತೋರಿಸುವ ಇನ್ನೊಂದು ವಾಹಿನಿಯನ್ನು ತೆರೆಯುವ ಜೊತೆಯ ಪ್ರಸ್ತಾಪವನ್ನು ಮಾತ್ರ ತಳ್ಳಿಹಾಕಿತು. ಅಂತರ್ಜಾಲದ ದೀರ್ಘ ಕಾರ್ಯಕ್ರಮಗಳನ್ನು ಮುಂದೆ ಬಿ. ಬಿ. ಸಿ. ಒನ್ ಅಥವಾ ಟೂ ವಾಹಿನಿಯಲ್ಲಿಯೂ ತೋರಿಸಬೇಕೆಂಬ ನಿಬಂಧನೆಯೂ ಇತ್ತು. 2016ರ ಫೆಬ್ರುವರಿ 16ರಂದು ಬಿತ್ತರ ನಿಂತಿತು. ಹೊಸ ಲಾಂಛನದಲ್ಲಿ ಎರಡು ನಿಲುಗೆರೆಗಳೂ ಒಂದು ಆಶ್ಚರ್ಯಸೂಚಕ ಚಿಹ್ನೆಯೂ ಸೇರಿ ರೋಮನ್ ಮೂರಾಗಿದ್ದುವು. ಅಲ್ಲಿನ ಪತ್ರಿಕೆಗಳು ಈ ಚಿಹ್ನೆಯನ್ನು ಸಾಕಷ್ಟು ಹಾಸ್ಯಮಾಡಿದುವು. ಅದು ನಮ್ಮ ವಿಷಯವಲ್ಲ.

ಅಂತರ್ಜಾಲಕ್ಕೆ ಹೋದಮೇಲೆ ಕಾರ್ಯಕ್ರಮಗಳ ಗುಣ ಕುಸಿಯಲಿಲ್ಲವೆಂಬುದನ್ನು ಒಪ್ಪಬೇಕು. 2016ರ ಜುಲೈಯಲ್ಲಿ ಫೀಬಿ ವಾಲರ್-ಬ್ರಿಜ್ ಅವರ ‘ಫ್ಲೀಬ್ಯಾಗ್’ ಅಲ್ಲಿಯೇ ಮೊದಲು ಕಾಣಿಸಿಕೊಂಡಿತು. ಅದರ ಎರಡನೆಯ ಮಾಲಿಕೆಗೆ 2019ರಲ್ಲಿ ಅಮೆರಿಕದ ಎಮ್ಮಿ ಪುರಸ್ಕಾರಗಳು ಸಂದುವು. 2020ರಲ್ಲಿ ‘ನಾರ್ಮಲ್ ಪೀಪಲ್’ ಅಪಾರ ಜನಪ್ರಿಯತೆಯನ್ನು ಗಳಿಸಿತು. ವೆಚ್ಚ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿದಿದ್ದ ವಿಭಾಗವೊಂದು ಇಷ್ಟನ್ನು ಸಾಧಿಸಿದ್ದು ಸಣ್ಣದಲ್ಲ. ಆದರೆ ಈ ಎರಡು ಕೃತಿಗಳೂ ಅಂತರ್ಜಾಲದಲ್ಲಿ ಮಾತ್ರ ಉಳಿಯಲಿಲ್ಲ, ‘ಫ್ಲೀಬ್ಯಾಗ್’ ಬಿ. ಬಿ. ಸಿ. ಟೂ ವಾಹಿನಿಯಲ್ಲಿಯೂ, ‘ನಾರ್ಮಲ್ ಪೀಪಲ್’ ಬಿ. ಬಿ. ಸಿ. ಒನ್ ವಾಹಿನಿಯಲ್ಲಿಯೂ ಬಿತ್ತರವಾದುವು. 2019ರ ಮಾರ್ಚಿಯಿಂದ ಬಿ. ಬಿ. ಸಿ. ಒನ್‌ನಲ್ಲಿ ರಾತ್ರಿಯ ವಾರ್ತೆಗಳ ಬಳಿಕ ವಾರಕ್ಕೆ ಮೂರು ದಿನ ಥ್ರೀಯ ಕಾರ್ಯಕ್ರಮಗಳಿಗೆ ವೇಳೆಯನ್ನು ಮೀಸಲಿಟ್ಟರು. ಎಂದಮೇಲೆ, ಪ್ರಸಾರವನ್ನು ತೊರೆದ ವಾಹಿನಿ ಮತ್ತೊಬ್ಬರ ಪ್ರಸಾರದಲ್ಲಿ ಬಾಡಿಗೆಗಿದ್ದಂತಾಯಿತು.

ಕುಸಿದದ್ದು ವೀಕ್ಷಣೆ. ಹಳೆಯ ವೀಕ್ಷಕರಲ್ಲಿ ಬಹುಭಾಗ ವಾಹಿನಿಯ ಹಿಂದೆ ಅಂತರ್ಜಾಲಕ್ಕೆ ಹೋಗಲಿಲ್ಲ. ಇದಕ್ಕೆ ಕಾರಣವನ್ನು ವಾಹಿನಿಯ ಸ್ವರೂಪದಲ್ಲಿಯೇ ಹುಡುಕಬೇಕು. ಅಂತರ್ಜಾಲದ ಭಂಡಾರದಲ್ಲಿ ನೋಡುವವನು ಪ್ರತಿಯೊಂದನ್ನೂ ತಾನೇ ಆರಿಸಿಕೊಳ್ಳಬೇಕು. ಆರಿಸಲು ಮೊದಲು ಅದು ಉಂಟೆಂದು ತಿಳಿದಿರಬೇಕು. ಹಾಸ್ಯವನ್ನು ಬಯಸಿದವನಿಗೆ ಹಾಸ್ಯ ದೊರೆಯುತ್ತದೆ. ಉಡುಪು ಹೊಲಿಯುವವರ ಬಾಳನ್ನು ನೋಡಬೇಕೆಂದು ಬಯಸದವನಿಗೆ ಅದು ಎದುರಾಗುವುದಿಲ್ಲ. ಮೇಲೆ ಹೇಳಿದ, ಏಳಲು ಬೇಸರಪಟ್ಟ ವೀಕ್ಷಕನು ಈ ವ್ಯವಸ್ಥೆಯಲ್ಲಿ ಇಲ್ಲವಾಗುತ್ತಾನೆ. ಗ್ರಂಥಾಲಯದಲ್ಲಿ ತೆರೆದ ಕಪಾಟುಗಳ ನಡುವೆ ಅಡ್ಡಾಡುವುದಕ್ಕೂ, ಕಿಂಡಿಯಲ್ಲಿ ಚೀಟಿ ಬರೆದುಕೊಟ್ಟು ಪುಸ್ತಕ ತರಿಸಿಕೊಳ್ಳುವುದಕ್ಕೂ ಇರುವ ಭೇದ ಇದೇ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಸಂಶೋಧನೆಯ ವಿಷಯವನ್ನು ಕಂಡುಕೊಂಡದ್ದು ಬೇರೆ ಪುಸ್ತಕವನ್ನು ಹುಡುಕುವಾಗ.

ಹಣದ ಪ್ರಶ್ನೆಯೂ ಇದರೊಳಗೆ ಬರುತ್ತದೆ. ಮೇಲ್ಛಾವಣಿಯ ಅಂಟೆನಾದಿಂದ ಬರುವ ಪ್ರಸಾರಕ್ಕೆ ಲೈಸೆನ್ಸ್ ಶುಲ್ಕದ ಹೊರತು ತಿಂಗಳ ವೆಚ್ಚವಿಲ್ಲ. ಅಂತರ್ಜಾಲಕ್ಕೆ ಸಂಪರ್ಕದ ವೆಚ್ಚ ಬೇರೆಯಾಗಿ ಉಂಟು. ಬಿ. ಬಿ. ಸಿ.ಯ ಅಂತರ್ಜಾಲ ಭಂಡಾರವಾದ ಐಪ್ಲೇಯರಿನಲ್ಲಿ ಪ್ರಸಾರವಾಗಿಹೋದ ಕಾರ್ಯಕ್ರಮಗಳನ್ನು ನೋಡಲು ಮೊದಲು ಲೈಸೆನ್ಸ್ ಬೇಕಿರಲಿಲ್ಲ. 2016ರ ಸೆಪ್ಟೆಂಬರ್ 1ರಿಂದ ಅದಕ್ಕೂ ಲೈಸೆನ್ಸ್ ಕಡ್ಡಾಯವಾಯಿತು. ವಾಹಿನಿ ಹೊಸ ಮನೆಗೆ ಹೋದ ಆರೇಳು ತಿಂಗಳಲ್ಲಿಯೇ ಆ ಮನೆಯ ಬಾಗಿಲಿಗೂ ಸುಂಕ ಬಿದ್ದಿತೆಂದಾಯಿತು.

2021ರ ಮಾರ್ಚಿಯಲ್ಲಿ ಸಂಸ್ಥೆಯು ವಾಹಿನಿಯನ್ನು ಮರಳಿ ಪ್ರಸಾರಕ್ಕೆ ತರುವುದಾಗಿ ಪ್ರಕಟಿಸಿತು. 2017ರಲ್ಲಿ ಟ್ರಸ್ಟ್ ರದ್ದಾಗಿ ನಿಯಂತ್ರಣಾಧಿಕಾರವು ಆಫ್‌ಕಾಮ್ ಎಂಬ ಸಂಸ್ಥೆಗೆ ಸೇರಿದ್ದುದರಿಂದ ವಿಚಾರಣೆಯನ್ನು ಅದೇ ನಡೆಸಿ, 2021ರ ನವೆಂಬರಿನಲ್ಲಿ ಅನುಮತಿಯನ್ನು ಕೊಟ್ಟಿತು. ಅನುಮತಿಗೆ ಕೊಟ್ಟ ಕಾರಣ ಗಮನಾರ್ಹವಾದುದು: ಕಡಮೆ ವರಮಾನದ ಮನೆಗಳ ತರುಣರನ್ನೂ, ಲಂಡನ್ನಿನಿಂದ ದೂರದ ಪ್ರಾಂತಗಳ ತರುಣರನ್ನೂ ಬಿ. ಬಿ. ಸಿ. ಸರಿಯಾಗಿ ಮುಟ್ಟುತ್ತಿಲ್ಲ, ಪ್ರಸಾರವಾಹಿನಿಯಿಂದ ಅವರನ್ನು ಮುಟ್ಟುವುದು ಸಾಧ್ಯವಾಗಬಹುದು. ‘ತರುಣರು ಅಂತರ್ಜಾಲಕ್ಕೆ ಹೋದರು’ ಎಂಬ ವಾಕ್ಯದ ಕರ್ತೃಪದದಲ್ಲಿ ಇವರು ಸೇರಿರಲಿಲ್ಲವೆಂಬುದನ್ನು ಅಧಿಕೃತವಾಗಿ ಗುರುತಿಸಿದ ದಾಖಲೆಯಿದು. ವಯಸ್ಸನ್ನು ಒಂದು ವರ್ಗವೆಂದು ಭಾವಿಸಿ, ವರಮಾನವನ್ನೂ ಊರನ್ನೂ ಮರೆತದ್ದೇ 2014ರ ತರ್ಕದ ಮುಖ್ಯ ದೋಷವೆಂದು ನನ್ನ ಮತ.

ಮರಳಿದ ವಾಹಿನಿಗೆ ಹಳೆಯ ಸ್ಥಾನ ದೊರೆಯಲಿಲ್ಲ. ಪ್ರಸಾರಪಟ್ಟಿಯಲ್ಲಿ ಮೊದಲು ಅದು 7ನೆಯದಾಗಿತ್ತು. ಹಿಂದಿರುಗಿದಾಗ ಇಂಗ್ಲೆಂಡಿನಲ್ಲಿ 23ನೆಯದಾಗಿ ನಿಲ್ಲಬೇಕಾಯಿತು. ವೀಕ್ಷಕರೂ ಹಿಂದಿನ ಪ್ರಮಾಣದಲ್ಲಿ ಹಿಂದಿರುಗಲಿಲ್ಲ. 2003ರಲ್ಲಿ ಹದಿನಾರರವರಾಗಿದ್ದವರು 2022ರ ಹೊತ್ತಿಗೆ ಉದ್ದಿಷ್ಟ ವಯಸ್ಸನ್ನು ದಾಟಿಬಿಟ್ಟಿದ್ದರು. ನಡುವಣ ಆರು ವರ್ಷಗಳಲ್ಲಿ ಬೆಳೆದವರಿಗೆ ಅಲ್ಲೊಂದು ವಾಹಿನಿಯಿತ್ತೆಂಬ ಅಭ್ಯಾಸವೇ ಆಗಿರಲಿಲ್ಲ. ಒಂದು ಪದ್ಧತಿಯನ್ನು ಮುರಿಯಲು ಸಾಕಾದಷ್ಟು ಕಾಲ ಅದನ್ನು ಕಟ್ಟಲು ಸಾಲದು. ಅದೇ 2022ರ ಮೇ ತಿಂಗಳಲ್ಲಿ, ಮಹಾನಿರ್ದೇಶಕರಾಗಿದ್ದ ಟಿಮ್ ಡೇವಿ ಅವರು ಸಿ. ಬಿ. ಬಿ. ಸಿ. ಮತ್ತು ಬಿ. ಬಿ. ಸಿ. ಫೋರ್ ವಾಹಿನಿಗಳ ಪ್ರಸಾರವನ್ನು ಕೆಲವು ವರ್ಷಗಳಲ್ಲಿ ನಿಲ್ಲಿಸಿ ಅಂತರ್ಜಾಲಕ್ಕೆ ಒಯ್ಯುವ ಯೋಜನೆಯನ್ನು ಸಾರಿದರು. ಆಗಲೂ ಲೈಸೆನ್ಸ್ ಶುಲ್ಕ ಎರಡು ವರ್ಷಗಳ ಮಟ್ಟಿಗೆ ಏರದಂತೆ ನಿಂತಿತ್ತು.

ಇತಿಹಾಸಕಾರನಿಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ವಿಷಯವನ್ನು ಪ್ರಸ್ತಾಪಿಸಬೇಕಾಗಿದೆ. 1923ರಿಂದ ‘ರೇಡಿಯೊ ಟೈಮ್ಸ್’ ಎಂಬ ಪತ್ರಿಕೆ ಬಿ. ಬಿ. ಸಿ.ಯ ಪ್ರತಿದಿನದ ಕಾರ್ಯಕ್ರಮಪಟ್ಟಿಯನ್ನು ಅಚ್ಚುಮಾಡುತ್ತ ಬಂದಿದೆ; 2009ರವರೆಗಿನ ಪಟ್ಟಿಗಳನ್ನು ಸಂಸ್ಥೆಯು ‘ಜೀನೋಮ್’ ಎಂಬ ಯೋಜನೆಯಲ್ಲಿ ಅಂಕೀಕರಿಸಿ 2014ರಲ್ಲಿ ಸಾರ್ವಜನಿಕರಿಗೆ ಒದಗಿಸಿತು. ಇವುಗಳಿಂದ ಯಾವ ಕಾರ್ಯಕ್ರಮ ಎಂದು ಬಂದಿತೆಂಬುದಷ್ಟೇ ಅಲ್ಲ, ಯಾವ ಹೊತ್ತಿಗೆ, ಯಾವುದರ ಹಿಂದೆ, ಯಾವುದರ ಮುಂದೆ, ಎದುರು ವಾಹಿನಿಯಲ್ಲಿ ಏನಿದ್ದಾಗ ಬಂದಿತೆಂಬುದೂ ತಿಳಿಯುತ್ತದೆ. ಅಂತರ್ಜಾಲದಲ್ಲಿ ಮಾತ್ರ ಬಿಡುಗಡೆಯಾದುದಕ್ಕೆ ಬಿಡುಗಡೆಯ ದಿನಾಂಕವೊಂದು ಉಂಟು, ನೆರೆಹೊರೆಯಿಲ್ಲ. ಶಾಸನದ ಪಾಠವಿದ್ದು ಅದು ನೆಟ್ಟಿದ್ದ ಸ್ಥಳ ತಿಳಿಯದಿದ್ದರೆ ಎಷ್ಟು ತೊಡಕೆಂಬುದನ್ನು ಶಾಸನಗಳನ್ನು ಓದಿದವರು ಬಲ್ಲರು. ಕಲ್ಲನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಿದಾಗ ಬರಹ ಉಳಿಯುತ್ತದೆ, ಕೆರೆಯ ಏರಿ ಉಳಿಯುವುದಿಲ್ಲ. 2016ರಿಂದ 2022ರವರೆಗಿನ ಥ್ರೀಯ ಸ್ಥಿತಿ ಹೆಚ್ಚುಕಡಮೆ ಇಂತಹುದು.

ಈ ಆರು ವರ್ಷಗಳನ್ನು ಅಧ್ಯಯನಮಾಡಬಯಸುವ ವಿದ್ಯಾರ್ಥಿಗೆ ಕಾರ್ಯಕ್ರಮಪಟ್ಟಿಗಿಂತ ಆಡಳಿತದ ಕಡತಗಳೇ ಹೆಚ್ಚು ನೆರವಾಗುತ್ತವೆ. 2014–15ರ ಟ್ರಸ್ಟಿನ ವಿಚಾರಣೆ ಹಾಗೂ 2021ರ ಆಫ್‌ಕಾಮ್ ನಿರ್ಣಯದ ಪತ್ರಗಳು ಪ್ರಕಟವಾಗಿವೆ. ಎರಡನ್ನೂ ಎದುರೆದುರಿಗಿಟ್ಟು, ಒಂದೊಂದರಲ್ಲಿಯೂ ‘ತರುಣರು’ ಎಂಬ ಪದ ಯಾರನ್ನು ಸೂಚಿಸುತ್ತದೆಂಬುದನ್ನು ಪುಟಪುಟವಾಗಿ ಗುರುತಿಸಿದರೆ ಒಂದು ಸ್ನಾತಕೋತ್ತರ ಪ್ರಬಂಧಕ್ಕೆ ಸಾಕಾಗುವಷ್ಟು ಸಾಮಗ್ರಿ ಅಲ್ಲಿದೆ.